'ಹೋಗಿ ಮಲಗು' ಅಂದವರು ನಾವು

(ಒಳ್ಳೆಯ ಕುರುಬನ ಭಾನುವಾರ, ಪೂಜೆ ಮುಗಿದ ಮೇಲೆ ಸುಂಟಿಕೊಪ್ಪ ಕಡೆಯ ತಂದೆತಾಯಂದಿರ ಕೂಟದಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಬರೆದಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಯನ್ನು ಇಲ್ಲಿ ಸೇರಿಸಿದ್ದೇನೆ.)

ಫಾದರ್, ಸಿಸ್ಟರ್‌ಗಳೇ, ದೂರದ ತೋಟಗಳಿಂದ ಜೀಪು ಹತ್ತಿ ಬಂದಿರುವ ಅಪ್ಪ ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಈ ಭಾನುವಾರ ನಾವು ಒಂದು ಕೆಲಸ ಮಾಡುತ್ತೇವೆ. ಜ್ಞಾನೋಪದೇಶದ, ಅಂದರೆ ಭಾನುವಾರದ ಧರ್ಮಪಾಠದ, ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, "ಯಾರಿಗೆ ಫಾದರ್ ಆಗಬೇಕು? ಯಾರಿಗೆ ಸಿಸ್ಟರ್ ಆಗಬೇಕು?" ಅಂತ ಕೇಳುತ್ತೇವೆ. ಎರಡನೇ ಕ್ಲಾಸಿನವರು ಎಲ್ಲರೂ ಕೈ ಎತ್ತುತ್ತಾರೆ. ಆರನೇ ಕ್ಲಾಸಿನವರು ಪಕ್ಕದವರನ್ನು ನೋಡಿಕೊಂಡು ಎತ್ತುತ್ತಾರೆ. ಹತ್ತನೇ ಕ್ಲಾಸಿನವರು ನೆಲ ನೋಡುತ್ತಾರೆ.

ನಾನು 22 ವರ್ಷದಿಂದ ಜ್ಞಾನೋಪದೇಶ ಕಲಿಸುತ್ತಿದ್ದೇನೆ. ಈ ಕೈಗಳು ಕೆಳಗಿಳಿಯುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಮೊಬೈಲು ಬಂದು ಹೀಗಾಯಿತು ಅನ್ನುತ್ತೇವೆ, ಕಾಲ ಕೆಟ್ಟಿತು ಅನ್ನುತ್ತೇವೆ. ಈ ಸಲ ಫಾದರ್ ಮಕ್ಕಳನ್ನು ಆಟಕ್ಕೆ ಕಳಿಸಿ, ನಮ್ಮನ್ನು ಇಲ್ಲಿ ಕೂರಿಸಿದ್ದಾರೆ. ನನಗೆ ಇದು ಸರಿ ಅನ್ನಿಸಿತು. ಎರಡನೇ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ನಡುವೆ ಮಗು ಎಲ್ಲಿರುತ್ತದೆ? ನಮ್ಮ ಮನೆಯಲ್ಲೇ ಅಲ್ವಾ?

ದೈವಕರೆಗಾಗಿ, ಅಂದರೆ ದೇವರ ಸೇವೆಗೆ ಬರುವ ಕರೆಗಾಗಿ, ಇಡೀ ಕಥೋಲಿಕ ಸಭೆ ಒಟ್ಟಿಗೆ ಪ್ರಾರ್ಥಿಸಬೇಕು ಅಂತ ಪೋಪ್ ಆರನೇ ಪೌಲ್ ಈ ದಿನವನ್ನು ಶುರು ಮಾಡಿದ್ದು 1964ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಲೋಕದ ಧರ್ಮಾಧ್ಯಕ್ಷರೆಲ್ಲ (ಬಿಷಪರು) ಸೇರಿದ್ದ ಎರಡನೇ ವ್ಯಾಟಿಕನ್ ಸಭೆ ಒಂದು ದೊಡ್ಡ ಪತ್ರ ಹೊರಡಿಸಿತು. ಅದರ ಐದನೇ ಅಧ್ಯಾಯದಲ್ಲಿ ಒಂದು ಮಾತು ಇದೆ. ಪವಿತ್ರರಾಗಿ ಬಾಳುವ ಕರೆ ಫಾದರ್, ಸಿಸ್ಟರ್‌ಗಳಿಗೆ ಮಾತ್ರ ಬಂದದ್ದಲ್ಲ, ಜ್ಞಾನಸ್ನಾನ ಪಡೆದ ಎಲ್ಲರಿಗೂ ಬಂದಿದೆ ಅಂತ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ. ನಾನು ಹೇಳುವುದು ಮುಂದೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಈಗ ಬೈಬಲಿನ ಸಮುವೇಲನ ಕಥೆ. ಎಲ್ಲರಿಗೂ ಗೊತ್ತಿರುವುದೇ. ಆದರೂ ಒಂದ್ಸಲ ನಿಧಾನವಾಗಿ ನೋಡೋಣ.

ಹುಡುಗ ಶಿಲೋವಿನ ದೇವಾಲಯದಲ್ಲಿ ಮಲಗಿದ್ದಾನೆ. ದೇವರ ದೀಪ ಇನ್ನೂ ಆರಿಲ್ಲ. ಗುರು ಏಲಿ ತನ್ನ ಜಾಗದಲ್ಲಿ ಮಲಗಿದ್ದಾನೆ. ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು. ಹುಡುಗ ಎದ್ದು ಓಡಿ ಹೋಗಿ, "ಇಗೋ ಬಂದೆ, ಕರೆದಿರಲ್ಲಾ" ಅಂದ. "ನಾನು ಕರೆಯಲಿಲ್ಲ ಮಗಾ, ಹೋಗಿ ಮಲಗು" ಅಂದ ಏಲಿ. ಮತ್ತೆ ಕರೆ ಬಂತು, ಮತ್ತೆ ಓಡಿದ. "ನಾನು ಕರೆಯಲಿಲ್ಲ, ಹೋಗಿ ಮಲಗು." ಮೂರನೇ ಸಲ ಓಡಿ ಬಂದಾಗ ಏಲಿಗೆ ಹೊಳೆಯಿತು, ಹುಡುಗನನ್ನು ಕರೆಯುತ್ತಿರುವುದು ದೇವರು ಅಂತ. "ಹೋಗಿ ಮಲಗಿಕೋ. ಇನ್ನೊಮ್ಮೆ ಕರೆದರೆ, ಮಾತಾಡಿ ಪ್ರಭುವೇ, ನಿಮ್ಮ ದಾಸ ಕೇಳುತ್ತಿದ್ದಾನೆ ಅಂತ ಹೇಳು" ಅಂದ.

ಇಲ್ಲಿ ನನಗೆ ಮೊದಲು ಕಾಣುವುದು ಒಂದು. ದೇವರ ದನಿ ಆ ಹುಡುಗನಿಗೆ ಗುಡುಗಿನ ಹಾಗೆ ಕೇಳಿಸಲಿಲ್ಲ. ಏಲಿಯ ದನಿಯ ಹಾಗೆ ಕೇಳಿಸಿತು. ಅದಕ್ಕೇ ಓಡಿ ಹೋದದ್ದು. ಸಾಕಿದವರ ದನಿ, ದಿನಾ ಕೇಳುವ ದನಿ. ನಮ್ಮ ಮಕ್ಕಳಿಗೂ ಹಾಗೇ ಆಗುವುದು. ಯಾರದೋ ಮಾತಿನಲ್ಲಿ, ಎಲ್ಲೋ ನೋಡಿದ ಒಂದು ಕೆಲಸದಲ್ಲಿ ಅದು ಬರುತ್ತದೆ. ಬಂದಾಗ ಅವರು ಓಡಿ ಬರುವುದು ನಮ್ಮ ಹತ್ತಿರ.

ಇನ್ನೊಂದು, ನನ್ನನ್ನು ಬಹಳ ಕಾಡಿದ್ದು. ಏಲಿ ಕೆಟ್ಟವನಲ್ಲ. ದೇವಾಲಯದಲ್ಲೇ ಮುದುಕನಾದವನು. ಅವನೇ ಎರಡು ಸಲ "ಹೋಗಿ ಮಲಗು" ಅಂದುಬಿಟ್ಟ.

ನಾನೂ ಅಂದೆ.

ನಮ್ಮ ಮಗಳು ಎರಡನೇ ಪಿಯುಸಿಯಲ್ಲಿದ್ದಳು. ಮೆಣಸು ಕುಯ್ಲಿನ ಸಮಯ. ಸಂಜೆ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಗೊಂಚಲಿನಿಂದ ಕಾಳು ಬಿಡಿಸುತ್ತಾ ಕೂತಿದ್ದೆವು. ಅಂಗೈ ಉರಿಯುತ್ತಿತ್ತು. ಅವಳು ತಲೆ ಎತ್ತದೆ, "ಅಮ್ಮಾ, ನಾನು ಸಿಸ್ಟರ್ ಆಗ್ಬೇಕು ಅಂತ ಇದ್ದೀನಿ" ಅಂದಳು. ನಾನು "ಮೊದಲು ಪರೀಕ್ಷೆ ಬರಿ" ಅಂದೆ. ಅಷ್ಟೇ. ಮತ್ತೆ ಮೆಣಸಿನ ರೇಟಿನ ಮಾತಿಗೆ ಹೋದೆ.

ಪರೀಕ್ಷೆ ಬರೆದಳು, ಪಾಸಾದಳು. ಮತ್ತೆ ಬಂದು ಕೇಳಿದಳು. "ಡಿಗ್ರಿ ಮುಗಿಸು, ಆಮೇಲೆ ನೋಡೋಣ" ಅಂದೆ. ಅದು ಎರಡನೇ ಸಲ.

ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಇದೇ ಸಮುವೇಲನ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲೆ ದೀಪದ ಚಿತ್ರ ಬರೆದವಳು ನಾನು. ಮನೆಗೆ ಬಂದಾಗ ಭಯವಾಯಿತು. ಇರುವುದು ಒಬ್ಬಳೇ ಮಗಳು. ಮುಂದೆ ನಮ್ಮನ್ನು ನೋಡಿಕೊಳ್ಳುವವರು ಯಾರು? ಮದುವೆ, ಮೊಮ್ಮಕ್ಕಳು, ಕ್ರಿಸ್ಮಸ್ಸಿಗೆ ಮನೆ ತುಂಬ ಜನ, ಎಲ್ಲ ಕಣ್ಣ ಮುಂದೆ ಬಂತು. ಅದನ್ನು ಬಾಯಿಬಿಟ್ಟು ಹೇಳಿದ್ದರೂ ಆಗುತ್ತಿತ್ತು. ಹೇಳಲಿಲ್ಲ. ಪರೀಕ್ಷೆಯ ನೆಪ ಹೇಳಿದೆ.

ನಮ್ಮ ತೋಟದ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಒಬ್ಬ ಅಜ್ಜಿ ಇದ್ದಾರೆ. ಆಗಿನ್ನೂ ಕೆಲಸಕ್ಕೆ ಬರುತ್ತಿದ್ದರು. ಕಾಫಿ ಹಣ್ಣು ಕುಯ್ಯುವಾಗ ಜಪಮಾಲೆ ಹೇಳುವುದು ಅವರ ಅಭ್ಯಾಸ. ಕೈಯಲ್ಲಿ ಮಣಿ ಹಿಡಿಯಲು ಆಗಲ್ಲ, ಎರಡೂ ಕೈ ಕೊಂಬೆಯ ಮೇಲೆ ಇರುತ್ತದೆ. ಹಾಗಾಗಿ ಒಂದು ಗಿಡಕ್ಕೆ ಹತ್ತು ನಮೋ ಮರಿಯಾ ಅಂತ ಲೆಕ್ಕ. ಗಿಡ ಮುಗಿದರೆ ಪಿತನಿಗೂ ಸುತನಿಗೂ ಅಂದು ಮುಂದಿನ ಗಿಡಕ್ಕೆ. ಒಂದು ದಿನ ಕಣದ ಹತ್ತಿರ ಸಿಕ್ಕಾಗ ಅವರ ಮುಂದೆ ಅತ್ತುಬಿಟ್ಟೆ. ಮಗಳು ಹೀಗಂತಿದ್ದಾಳೆ ಅಜ್ಜಿ, ಏನು ಮಾಡಲಿ ಅಂದೆ. ಅವರು ಬುದ್ಧಿ ಹೇಳಲಿಲ್ಲ. "ಯಾಕೆ ಅಂತ ಕೇಳಿದ್ರಾ ಟೀಚರಮ್ಮಾ?" ಅಂದರು.

ನಾನು ಕೇಳಿರಲಿಲ್ಲ. ಎರಡು ಸಲ ಉತ್ತರ ಕೊಟ್ಟಿದ್ದೆ, ಒಂದು ಪ್ರಶ್ನೆ ಕೇಳಿರಲಿಲ್ಲ.

ಅವತ್ತು ರಾತ್ರಿ ಕೇಳಿದೆ. ಅವಳು ಹೇಳಿದ್ದು ಇದು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಿಸ್ಟರ್‌ಗಳ ಜೊತೆ ಲೈನ್ ಮನೆಗಳಿಗೆ ಭೇಟಿಗೆ ಹೋಗಿದ್ದಳಂತೆ. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬರು ತಾತ. ಸಿಸ್ಟರ್ ಪ್ರಾರ್ಥನೆ ಮುಗಿಸಿ, ಕೈಚೀಲದಿಂದ ಉಗುರು ಕತ್ತರಿ ತೆಗೆದು, ಬಿಸಿನೀರು ತರಿಸಿ, ಅವರ ಉಗುರು ನೆನೆಸಿ ಒಂದೊಂದೇ ಕತ್ತರಿಸಿದರು. ತಾತ ಕಣ್ಣು ಮುಚ್ಚಿಕೊಂಡು ಕೈ ಕೊಟ್ಟು ಮಲಗಿದ್ದರು. "ನಂಗೆ ಅಲ್ಲೇ ಕೂತಿರ್ಬೇಕು ಅನ್ನಿಸ್ತು ಅಮ್ಮಾ. ಎದ್ದು ಬರೋಕೆ ಮನಸ್ಸೇ ಬರ್ಲಿಲ್ಲ" ಅಂದಳು.

ಇಷ್ಟು ದಿನ ನಾನು ಅಂದುಕೊಂಡಿದ್ದೇ ಬೇರೆ. ಯಾರೋ ತಲೆ ತುಂಬಿಸಿರಬೇಕು, ಇಲ್ಲಾ ಪರೀಕ್ಷೆಗೆ ಹೆದರಿ ಹೀಗನ್ನುತ್ತಿರಬೇಕು ಅಂತ. ಅವಳು ಒಂದು ಉಗುರು ಕತ್ತರಿಯನ್ನು ನಾಲ್ಕು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅದೇ ಮನೆಯಲ್ಲಿದ್ದ ನನಗೆ ಗೊತ್ತೇ ಇರಲಿಲ್ಲ.

ಮಾತೆ ಮರಿಯಮ್ಮನವರನ್ನೇ ನೋಡಿ. ದೇವದೂತ ಬಂದು ಹೇಳಿದ ತಕ್ಷಣ ಅವರು ಆಗಲಿ ಅನ್ನಲಿಲ್ಲ. "ಇದು ಹೇಗೆ ಸಾಧ್ಯ?" ಅಂತ ಮೊದಲು ಕೇಳಿದರು. ದೇವದೂತ ಬೈಯಲಿಲ್ಲ, ವಿವರಿಸಿ ಹೇಳಿದ. ಆಮೇಲೆ ಬಂದದ್ದು "ನಾನು ಪ್ರಭುವಿನ ದಾಸಿ" ಎಂಬ ಮಾತು. ದೇವರಿಗೇ ಪ್ರಶ್ನೆ ಕೇಳಬಹುದಾದರೆ, ಮನೆಯಲ್ಲಿ ಅಮ್ಮ ಮಗಳು ಒಬ್ಬರನ್ನೊಬ್ಬರು ಕೇಳುವುದರಲ್ಲಿ ಏನು ತಪ್ಪು?

ಇಲ್ಲಿ ನಮ್ಮ ಕೊಡಗಿನ ಒಂದು ವಿಷಯ ಹೇಳಬೇಕು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ನಿಮಗೆಲ್ಲ ಗೊತ್ತು. 1792ರಲ್ಲಿ ದೊಡ್ಡವೀರರಾಜೇಂದ್ರ ಆ ಪೇಟೆ ಕಟ್ಟಿದಾಗ, ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಅಲ್ಲಿ ನೆಲೆ ಕೊಟ್ಟ. ಲಿಂಗಾಯತ ಅರಸ ಕ್ರೈಸ್ತರಿಗೆ ಜಾಗ ಕೊಟ್ಟದ್ದು. ನಮ್ಮ ವಿಶ್ವಾಸ ಈ ಬೆಟ್ಟದ ಮೇಲೆ ಬೇರು ಬಿಟ್ಟದ್ದು ಹಾಗೆ. ಎಲ್ಲ ಕಳೆದುಕೊಂಡು ಬಂದವರು ತಮ್ಮ ಗುಡಿಗೆ ಇಟ್ಟ ಹೆಸರು ನೋಡಿ. ಅನ್ನಮ್ಮ, ಮರಿಯಮ್ಮನವರ ತಾಯಿ. ಬೈಬಲಿನಲ್ಲಿ ಅವರ ಹೆಸರು ಒಂದು ಕಡೆಯೂ ಇಲ್ಲ. ಹಳೆಯ ಪರಂಪರೆಯಿಂದ ಬಂದ ಹೆಸರು ಅದು. ಮರಿಯಮ್ಮನವರು ದೇವರಿಗೆ ಒಪ್ಪಿಗೆ ಕೊಟ್ಟರು, ಆ ಒಪ್ಪಿಗೆ ಕೊಡುವ ಮಗಳನ್ನು ಯಾರೋ ಒಬ್ಬ ತಾಯಿ ಬೆಳೆಸಿದ್ದರು.

ಸಮುವೇಲನ ತಾಯಿಯ ಹೆಸರೂ ಅದೇ. ಹನ್ನಾ ಮತ್ತು ಅನ್ನ, ಮೂಲದಲ್ಲಿ ಎರಡೂ ಒಂದೇ ಹೆಸರು. ಮಕ್ಕಳಿಲ್ಲದೆ ಅತ್ತು, ಮಗ ಹುಟ್ಟಿದರೆ ನಿಮಗೇ ಕೊಡುತ್ತೇನೆ ಅಂತ ಹರಕೆ ಹೊತ್ತವಳು. ಹಾಲು ಬಿಡಿಸಿದ ಮೇಲೆ ಮಗನನ್ನು ಏಲಿಯ ಹತ್ತಿರ ಬಿಟ್ಟು ಬಂದಳು. ಅದಾದ ಮೇಲೆ ಅವಳ ಬಗ್ಗೆ ಒಂದು ಸಣ್ಣ ವಿವರ ಇದೆ, ನನಗೆ ಬಹಳ ಪ್ರಿಯವಾದದ್ದು. ಪ್ರತಿ ವರ್ಷ ಒಂದು ಪುಟ್ಟ ಮೇಲಂಗಿ ಹೊಲಿದು, ಬಲಿ ಅರ್ಪಿಸಲು ಹೋಗುವಾಗ ಮಗನಿಗೆ ಕೊಟ್ಟು ಬರುತ್ತಿದ್ದಳು. ಮಗ ಕಣ್ಣ ಮುಂದೆ ಇಲ್ಲ. ಅಳತೆ ತೆಗೆಯಲು ಆಗಲ್ಲ. ಒಂದು ವರ್ಷದಲ್ಲಿ ಎಷ್ಟು ಉದ್ದ ಆಗಿರಬಹುದು ಅಂತ ಅಂದಾಜು ಮಾಡಿ ಹೊಲಿಯಬೇಕು. ದೇವರಿಗೆ ಮಗುವನ್ನು ಕೊಡುವುದು ಅಂದರೆ ಆ ಮಗುವಿನ ಮೇಲಿನ ಪ್ರೀತಿ ಬಿಡುವುದಲ್ಲ ಅಂತ ನನಗೆ ಕಲಿಸಿದ್ದು ಆ ಮೇಲಂಗಿ.

ಹರಕೆಯ ಮಾತು ಬಂತಲ್ಲ, ಅದಕ್ಕೆ ಇದನ್ನೂ ಹೇಳುತ್ತೇನೆ. ನಮ್ಮಲ್ಲಿ ಬೇಡ ಅನ್ನುವವರು ಇರುವ ಹಾಗೇ ದೂಡುವವರೂ ಇದ್ದಾರೆ. "ಇವನನ್ನು ದೇವರಿಗೆ ಕೊಡ್ತೀನಿ ಅಂತ ಹೇಳಿಕೊಂಡಿದ್ದೀನಿ, ಇವನು ಗುರುಮಠಕ್ಕೆ ಹೋಗಲೇಬೇಕು" ಅನ್ನುವವರು. ಗುರುಮಠ ಅಂದರೆ ಫಾದರ್ ಆಗುವವರು ಓದುವ ಜಾಗ. ಹನ್ನಾ ಹರಕೆ ಹೊತ್ತಿದ್ದಳು, ನಿಜ. ಆದರೂ ದೇವರು ತಾಯಿಯ ಹರಕೆ ಸಾಕು ಅಂತ ಸುಮ್ಮನಾಗಲಿಲ್ಲ. ರಾತ್ರಿ ಹೊತ್ತು ಹುಡುಗನ ಹೆಸರನ್ನೇ ಹಿಡಿದು ಕರೆದರು. ಅವನ ಬಾಯಿಂದಲೇ ಉತ್ತರ ಬರುವ ತನಕ ಕಾದರು. ಸಭೆಯ ಕಾನೂನೂ ಹೀಗೇ ಹೇಳುತ್ತದೆ. ಒತ್ತಾಯಕ್ಕೋ ಹೆದರಿಕೆಗೋ ಮೋಸಕ್ಕೋ ಸಿಕ್ಕಿ ಮಠ ಸೇರಿದರೆ ಆ ಸೇರ್ಪಡೆ ಲೆಕ್ಕಕ್ಕೇ ಇಲ್ಲ. ಎಲ್ಲ ಬಿಟ್ಟು ನನ್ನ ಹಿಂದೆ ಬಾ ಅಂದದ್ದಕ್ಕೆ ಶ್ರೀಮಂತ ಯುವಕ ಬೇಸರದ ಮುಖ ಮಾಡಿಕೊಂಡು ಹೊರಟುಹೋದಾಗ ಯೇಸುಸ್ವಾಮಿ ಬೆನ್ನು ಹತ್ತಿ ಹೋಗಲಿಲ್ಲ. ಅವನನ್ನು ನೋಡಿ ಪ್ರೀತಿಸಿದರು ಅಂತ ಮಾರ್ಕನ ಶುಭಸಂದೇಶ ಹೇಳುತ್ತದೆ. ಪ್ರೀತಿಸಿದರು, ಹೋಗಲು ಬಿಟ್ಟರು.

ನಮ್ಮ ಮಗಳು ಡಿಗ್ರಿ ಮುಗಿಸಿ ಹೊರಟಳು. ಅವಳ ಅಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಜಾಸ್ತಿ ಮಾತಾಡುವವರಲ್ಲ. ಹಳೆಯ ತಗಡಿನ ಟ್ರಂಕಿಗೆ ಹಸಿರು ಬಣ್ಣ ಬಳಿದು, ಹೆಸರು ಬರೆದು ಕೊಟ್ಟರು. ನಾನು ಎರಡು ಬಿಳಿ ಲಂಗ ಹೊಲಿದೆ. ಅಳತೆಗಿಂತ ಸ್ವಲ್ಪ ಸಡಿಲ ಇಟ್ಟೆ.

ಎಷ್ಟೋ ಜನರಿಗೆ ಮಠದ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲ. ಸೇರಿದ ದಿನವೇ ಸಿಸ್ಟರ್ ಆಗಿಬಿಡುತ್ತಾರೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಮೊದಲು ಕೆಲವು ಕಾಲ ಸುಮ್ನೆ ಜೊತೆಗಿದ್ದು ನೋಡುವುದು. ಆಮೇಲೆ ನೊವಿಷಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ. ಅದು ಕಡಿಮೆಯೆಂದರೆ 12 ತಿಂಗಳು ಇರಲೇಬೇಕು. ಆ ಸಮಯದಲ್ಲಿ ಮುಖ್ಯ ಕೆಲಸ ಪ್ರಾರ್ಥನೆ, ತನ್ನನ್ನು ತಾನು ಅರಿಯುವುದು. ಯಾವತ್ತು ಬೇಕಾದರೂ ಎದ್ದು ಮನೆಗೆ ಬರಬಹುದು. ಅದು ಮುಗಿದ ಮೇಲೆ ಮೊದಲ ವ್ರತ, ಅದೂ ಇಷ್ಟು ವರ್ಷಕ್ಕೆ ಅಂತ ಮಾತ್ರ. ಹಾಗೆ ಕಡಿಮೆಯೆಂದರೂ 3 ವರ್ಷ ಕಳೆದ ಮೇಲೆ ಕೊನೆಯ ವ್ರತ. ಗುರುಗಳಾಗುವವರದ್ದೂ ಅಷ್ಟೇ. ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ 6 ವರ್ಷದ ಓದು. 25 ವರ್ಷ ತುಂಬದೆ ಗುರುದೀಕ್ಷೆ ಇಲ್ಲ. ಸಭೆ ಇಷ್ಟು ಕಾಲ ಯಾಕೆ ಕಾಯುತ್ತದೆ? ಇದು ದೇವರ ಕರೆಯೋ, ಬರೀ ಆಸೆಯೋ, ಬೇರೆ ಎಲ್ಲಿಗಾದರೂ ಕರೆಯೋ ಅಂತ ಇಬ್ಬರೂ ಸೇರಿ ನೋಡಲಿಕ್ಕೆ. ಹೋದವರೆಲ್ಲ ಉಳಿಯಲೇಬೇಕು ಅಂತಿದ್ದರೆ ಈ ವರ್ಷಗಳೇ ಬೇಕಿರಲಿಲ್ಲ.

ಇದೆಲ್ಲ ಈಗ ಹೇಳುತ್ತಿದ್ದೇನೆ. ಆವತ್ತು ನನಗೆ ಇಷ್ಟು ತಿಳುವಳಿಕೆ ಇರಲಿಲ್ಲ.

ನಮ್ಮ ಮಗಳು ನೊವಿಷಿಯೇಟ್ ಮುಗಿಯುವ ಹೊತ್ತಿಗೆ ವಾಪಸ್ ಬಂದಳು.

ಜುಲೈ ತಿಂಗಳು. ಕೊಡಗಿನ ಜುಲೈ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕುಶಾಲನಗರದ ಕಡೆಯಿಂದ ಬಂದ ಬಸ್ಸು ಅವಳನ್ನು ಇಳಿಸಿ ಹೋಯಿತು. ಹಸಿರು ಟ್ರಂಕು ರಸ್ತೆ ಬದಿಯಲ್ಲಿ ನೆನೆಯುತ್ತಿತ್ತು. ನಾನು ಕೊಡೆ ಹಿಡಿದು ನಿಂತಿದ್ದೆ. ಮೊದಲು ನನ್ನ ಬಾಯಿಂದ ಬಂದದ್ದು, "ಏನು ತಪ್ಪು ಮಾಡಿದೆ?" ಅಂತ. ಅವಳ ಅಪ್ಪ ಒಂದು ಮಾತೂ ಆಡಲಿಲ್ಲ. ಟ್ರಂಕನ್ನು ಎತ್ತಿ ತಲೆ ಮೇಲೆ ಇಟ್ಟುಕೊಂಡು ಏರು ಹತ್ತಲು ಶುರು ಮಾಡಿದರು. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ, "ಮಗಾ, ಬಿಸಿನೀರು ಕಾಯ್ತಾ ಇದೆ" ಅಂದರು. ನಮ್ಮಿಬ್ಬರಲ್ಲಿ ಆವತ್ತು ಶುಭಸಂದೇಶವನ್ನು ಬಾಳಿ ತೋರಿಸಿದವರು ಅವರು. ಜ್ಞಾನೋಪದೇಶ ಕಲಿಸುತ್ತಿದ್ದವಳು ನಾನು.

ಮಠದವರು ಅವಳನ್ನು ಕಳಿಸಿದ್ದಲ್ಲ. ಅವಳು ಓಡಿ ಬಂದದ್ದೂ ಅಲ್ಲ. ನೊವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟರ್ ಜೊತೆ ತಿಂಗಳುಗಟ್ಟಲೆ ಮಾತಾಡಿ, ಪ್ರಾರ್ಥಿಸಿ ತೆಗೆದುಕೊಂಡ ತೀರ್ಮಾನ. ರೋಗಿಗಳ ಸೇವೆಯ ಆಸೆ ಗಟ್ಟಿಯಾಗಿತ್ತು, ಸಮುದಾಯದ ಬದುಕಿಗೆ ಮನಸ್ಸು ಹೊಂದಲಿಲ್ಲ. ಅದನ್ನು ಆ ಸಿಸ್ಟರ್ ಅವಳಿಗಿಂತ ಮೊದಲೇ ಗುರುತಿಸಿದ್ದರಂತೆ. ಅವರು ಒಳ್ಳೆಯ ಏಲಿ.

ಊರಿನಲ್ಲಿ ಮಾತು ಬೇರೆ ಥರ ಹಬ್ಬಿತು. ಹೆಸರು ಹೇಳಲ್ಲ, ಹೇಳಬೇಕಾಗಿಯೂ ಇಲ್ಲ. "ಮಠ ಬಿಟ್ಟು ಬಂದವಳು" ಅನ್ನುವ ಮಾತು ಇದೆಯಲ್ಲ, ಅದನ್ನು ನಾವು ಬಹಳ ಸುಲಭವಾಗಿ ಆಡುತ್ತೇವೆ. ಗುರುಮಠದಿಂದ ಹಿಂದೆ ಬಂದ ಹುಡುಗರಿಗೂ ಇದೇ ಪಾಡು. ಅವರು ಪೂಜೆಗೆ ಬಂದರೆ ತಿರುಗಿ ನೋಡುತ್ತೇವೆ. ಹೆಣ್ಣು ಕೊಡಲು ಯೋಚಿಸುತ್ತೇವೆ. ನಾನು ಕೂಡ ಎಂಟು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು, ಪರಮಪ್ರಸಾದ ತೆಗೆದುಕೊಂಡ ತಕ್ಷಣ ಎದ್ದು ಮನೆಗೆ ಹೋಗುತ್ತಿದ್ದೆ. ಆ ಎಂಟು ತಿಂಗಳು ನನ್ನ ಮಗಳು ತಲೆ ತಗ್ಗಿಸಿರಲಿಲ್ಲ. ತಗ್ಗಿಸಿದ್ದು ನಾನು.

ಆಗ ಒಬ್ಬ ಫಾದರ್ ನನಗೆ ಒಂದು ಕುಟುಂಬದ ಕಥೆ ಹೇಳಿದರು. ಅದನ್ನು ನಿಮಗೂ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಮುಂದಿನ ಬೆಂಚಿಗೆ ವಾಪಸ್ ತಂದದ್ದು ಅದೇ.

ಚಿಕ್ಕ ಪುಷ್ಪ ಸಂತ ತೆರೇಸ ನಿಮಗೆಲ್ಲ ಗೊತ್ತು. ಫ್ರಾನ್ಸಿನ ಲಿಸಿಯು ಊರಿನ ಕಾರ್ಮೆಲ್ ಮಠಕ್ಕೆ 15 ವರ್ಷಕ್ಕೇ ಸೇರಿದವರು, 1897ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡವರು. ಮಠದ ಗೋಡೆಯ ಒಳಗೇ ಇದ್ದವರನ್ನು 1927ರಲ್ಲಿ ಮಿಷನ್ ಕೆಲಸದ ಪಾಲಕಿ ಅಂತ ಸಭೆ ಸಾರಿತು. ಅವರ ಅಪ್ಪ ಲೂಯಿ ಮಾರ್ಟಿನ್ ಗಡಿಯಾರ ರಿಪೇರಿ ಮಾಡುವವರು, ಅಮ್ಮ ಜೆಲಿ ಲೇಸು ಹೆಣೆಯುವವರು. ಈ ಲೂಯಿ ಪ್ರಾಯದಲ್ಲಿ ಸನ್ಯಾಸಿ ಆಗಬೇಕು ಅಂತ ಆಲ್ಪ್ಸ್ ಬೆಟ್ಟದ ಮೇಲಿನ ಒಂದು ಮಠಕ್ಕೆ ಹೋಗಿದ್ದರು. ಲ್ಯಾಟಿನ್ ಬರಲ್ಲ ಅಂತ ತೆಗೆದುಕೊಳ್ಳಲಿಲ್ಲ. ಜೆಲಿ ಕೂಡ ಸಿಸ್ಟರ್ ಆಗಲು ಹೋಗಿದ್ದರು. ಅವರನ್ನೂ ತೆಗೆದುಕೊಳ್ಳಲಿಲ್ಲ. ಇಬ್ಬರೂ ಬಾಗಿಲಿನಿಂದ ಹಿಂದೆ ಬಂದವರು. 1858ರಲ್ಲಿ ಮದುವೆಯಾದರು. ಒಂಬತ್ತು ಮಕ್ಕಳು, ನಾಲ್ಕು ಸಣ್ಣದರಲ್ಲೇ ತೀರಿಕೊಂಡವು. ಉಳಿದ ಐವರು ಹೆಣ್ಣುಮಕ್ಕಳು, ಐವರೂ ಮಠ ಸೇರಿದರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಈ ಗಂಡ ಹೆಂಡತಿಯನ್ನು ಒಟ್ಟಿಗೇ ಸಂತರು ಅಂತ ಸಾರಿದರು.

ನಾನು ಮೊದಲು ಹೇಳಿದ 1964ರ ಮಾತು ಈಗ ನೆನಪು ಮಾಡಿಕೊಳ್ಳಿ. ಜ್ಞಾನಸ್ನಾನ ಪಡೆದ ಎಲ್ಲರಿಗೂ ಪವಿತ್ರರಾಗುವ ಕರೆ ಇದೆ ಅಂತ. ಮಠದ ಬಾಗಿಲು ಮುಚ್ಚಿಕೊಂಡರೆ ದೇವರ ಕರೆ ಮುಚ್ಚಿಕೊಳ್ಳಲ್ಲ.

ಆ ಐವರಲ್ಲಿ ಲಿಯೋನಿ ಅಂತ ಒಬ್ಬಳು ಮಗಳಿದ್ದಳು. ತೆರೇಸಮ್ಮನವರ ಅಕ್ಕ. ಮನೆಯಲ್ಲಿ ಎಲ್ಲರಿಗೂ ಕಷ್ಟವಾಗಿದ್ದ ಹುಡುಗಿ. 1886ರಲ್ಲಿ ಮೊದಲ ಸಲ ಮಠಕ್ಕೆ ಹೋಗಿ ವಾಪಸ್ ಬಂದಳು. ಮತ್ತೆ ಹೋದಳು, ವಾಪಸ್ ಬಂದಳು. ಮೂರನೇ ಸಲವೂ ಹೋಗಿ ವಾಪಸ್ ಬಂದಳು. 1899ರಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ, ನಾಲ್ಕನೇ ಸಲ ಹೋದಳು. ಆ ಸಲ ಉಳಿದಳು. 1941ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದಳು. ಈಗ ಅವಳನ್ನೂ ಸಂತರ ಸಾಲಿಗೆ ಸೇರಿಸುವ ವಿಚಾರಣೆ ನಡೆಯುತ್ತಿದೆ. ಅವಳು ಮೂರು ಸಲ ವಾಪಸ್ ಬಂದಾಗಲೂ ಮನೆಯ ಬಾಗಿಲು ತೆರೆದೇ ಇತ್ತು ಅಂತ ಫಾದರ್ ಹೇಳಿದಾಗ, ನನ್ನ ಕಣ್ಣ ಮುಂದೆ ಬಂದದ್ದು ರಸ್ತೆ ಬದಿಯಲ್ಲಿ ನೆನೆಯುತ್ತಿದ್ದ ಹಸಿರು ಟ್ರಂಕು.

ಮದರ್ ತೆರೇಸಾ ಕೂಡ ಒಂದು ಮಠ ಬಿಟ್ಟವರೇ. 1928ರಲ್ಲಿ 18 ವರ್ಷದ ಹುಡುಗಿಯಾಗಿ ಮನೆ ಬಿಟ್ಟು ಲೊರೆಟೊ ಮಠ ಸೇರಿದರು. ಆಮೇಲೆ ತಾಯಿಯ ಮುಖ ನೋಡಲು ಅವರಿಗೆ ಸಿಗಲೇ ಇಲ್ಲ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಬಡವರ ನಡುವೆ ಹೋಗಿ ಇರು ಎಂಬ ಕರೆ ಅವರಿಗೆ ಬಂತು. ಕರೆಯ ಒಳಗಿನ ಕರೆ ಅಂತ ಅವರೇ ಅಂದರು. ಧರ್ಮಾಧ್ಯಕ್ಷರು ಕಾಯಲು ಹೇಳಿದರು. ಸುಮಾರು ಎರಡು ವರ್ಷ ಕಾದು, ಅನುಮತಿ ಸಿಕ್ಕ ಮೇಲೆ, 1948ರ ಆಗಸ್ಟಿನಲ್ಲಿ ಲೊರೆಟೊ ಮಠದಿಂದ ಹೊರಗೆ ಬಂದರು. ಆವತ್ತು ಅವರನ್ನು ನೋಡಿ ಯಾರಾದರೂ "ಮಠ ಬಿಟ್ಟವಳು" ಅಂದಿರಲೂಬಹುದು.

ತೋಟದವರಿಗೆ ಒಂದು ಮಾತು. ಕಾಫಿ ಹೂ ಅರಳಿಸುವ ಹೂಮಳೆ ಬಂದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ನಮಗೆಲ್ಲ ಎಷ್ಟು ಸಂತೋಷ. ಫೋಟೋ ತೆಗೆಯುತ್ತೇವೆ. ಆದರೆ ಬೆಳೆಗಾರರಿಗೆ ಆಗಲೇ ಇನ್ನೊಂದು ಚಿಂತೆ ಶುರುವಾಗಿರುತ್ತದೆ. ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಎರಡನೇ ಮಳೆ, ಬರಬೇಕು. ಅದು ಬರದಿದ್ದರೆ ಅಷ್ಟು ಹೂವಿನಲ್ಲಿ ಕಾಯಿ ಸರಿಯಾಗಿ ನಿಲ್ಲಲ್ಲ. ಮಗು "ನಾನು ಹೋಗ್ತೀನಿ" ಅಂದ ದಿನ, ಗುರುದೀಕ್ಷೆಯ ದಿನ, ಮದುವೆಯ ದಿನ, ಇವೆಲ್ಲ ಹೂವಿನ ದಿನಗಳು. ಅವತ್ತು ನಾವೆಲ್ಲ ಹಾರ ಹಿಡಿದು ಹೋಗುತ್ತೇವೆ. ಆಮೇಲೆ? ನಮ್ಮ ಫಾದರ್‌ಗಳಿಗೆ ಸಂಜೆ ಹೊತ್ತು ಒಂದು ಫೋನ್ ಮಾಡಿ "ಊಟ ಆಯ್ತಾ ಫಾದರ್" ಅಂತ ಎಷ್ಟು ಜನ ಕೇಳುತ್ತೇವೆ? ಮದುವೆಯಾಗಿ ಮೂರು ವರ್ಷವಾದ ಜೋಡಿಯನ್ನು ಕೂರಿಸಿ ಹೇಗಿದ್ದೀರಿ ಅಂತ ಎಷ್ಟು ಜನ ಕೇಳುತ್ತೇವೆ? ಆ ಎರಡನೇ ಮಳೆ ನಮ್ಮ ಕೈಯಲ್ಲಿದೆ.

ಮನೆಯಲ್ಲಿ ಏನು ಮಾಡಬೇಕು ಅಂತ ಕೆಲವರು ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. ದೊಡ್ಡದೇನೂ ಇಲ್ಲ. ಸಂಜೆ ಜಪಮಾಲೆಗೆ ಟಿವಿ ಆಫ್ ಮಾಡಿ, ಎಲ್ಲರೂ ಕೂತು ಹೇಳಿ. ಊಟದ ಮುಂದೆ ಫಾದರ್ ಪ್ರಸಂಗದ ತಪ್ಪು ಹುಡುಕುವುದು ಬಿಡಿ. ವಾರವೆಲ್ಲ ಅದನ್ನು ಕೇಳಿದ ಮಗು ಭಾನುವಾರ ಕೈ ಎತ್ತಲ್ಲ. ಮಗು ಏನಾದರೂ ಹೇಳಲು ಬಂದರೆ ಕೈಯಲ್ಲಿರುವ ಕೆಲಸ ಕೆಳಗಿಡಿ. ಯಾಕೆ ಅಂತ ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ನನಗೆ ಈಗಲೂ ಕಷ್ಟ.

ನಮ್ಮ ಮಗಳು ಆಮೇಲೆ ನರ್ಸಿಂಗ್ ಓದಿದಳು. ಈಗ ಇಲ್ಲೇ ಕೆಲಸ ಮಾಡುತ್ತಾಳೆ. ಮದುವೆಯಾಗಿದೆ, ಒಂದು ಗಂಡು ಮಗು ಇದೆ. ರಜೆಯ ದಿನ ಮನೆಗೆ ಬಂದರೆ ಲೈನಿನ ಕಡೆ ಒಂದು ಸುತ್ತು ಹೋಗಿ, ಹಾಸಿಗೆ ಹಿಡಿದವರನ್ನು ನೋಡಿ ಬರುತ್ತಾಳೆ. ಅವಳ ಕೈಚೀಲದಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತಾಗಿರಬಹುದು.

ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಜಪಮಾಲೆ ಹೇಳುತ್ತಾ ಕಾಫಿ ಕುಯ್ಯುತ್ತಿದ್ದ ಆ ಅಜ್ಜಿ ಈಗ ಮಂಚ ಬಿಟ್ಟು ಏಳಲ್ಲ. ಬೆರಳು ಸೊಟ್ಟಗಾಗಿವೆ, ಉಗುರಿನ ಸಂದಿನಲ್ಲಿ ಕಾಫಿಯ ಕಪ್ಪು ಹಾಗೇ ಉಳಿದುಬಿಟ್ಟಿದೆ. ಮಗಳು ಬಿಸಿನೀರಿನ ಪಾತ್ರೆ ಇಟ್ಟುಕೊಂಡು ನೆಲದ ಮೇಲೆ ಕೂತಳು. ಹೆಬ್ಬೆರಳು ಹಿಡಿದಾಗ ಅಜ್ಜಿ ಕಣ್ಣು ಮುಚ್ಚಿ ನಮೋ ಮರಿಯಾ ಅಂತ ಶುರು ಮಾಡಿದರು. ಒಂದು ಬೆರಳಿಗೆ ಒಂದು. ಮಗಳೂ ದನಿ ಸೇರಿಸಿದಳು, ಮೊಮ್ಮಗ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದ. ಎರಡೂ ಕೈ ಮುಗಿದಾಗ ಹತ್ತು ಆಗಿತ್ತು. ಪಿತನಿಗೂ ಸುತನಿಗೂ ಹೇಳಿ ಅಜ್ಜಿ ಶಿಲುಬೆ ಗುರುತು ಹಾಕಲು ಕೈ ಎತ್ತಿದರು.

"ತಾಳಿ ಅಜ್ಜಿ, ಕಾಲು ಇನ್ನೂ ಬಾಕಿ ಇದೆ" ಅಂದಳು ಮಗಳು.

ಅಜ್ಜಿ ನಕ್ಕು, ಕೈ ಇಳಿಸಿ, ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಮತ್ತೆ ಶುರು ಮಾಡಿದರು.